ತಾತನ ಕಿವಿ

ನಿನ್ನೆ ಮಹಾಲಯ ಅಮಾವಾಸ್ಯೆಗೆಂದು ತಾತನ ಫೋಟೋ ಇಳಿಸಿ ಗಾಜು ಒರೆಸುತ್ತಿದ್ದೆ. ಚೌಕಟ್ಟಿನ ಸಂದಿಯಿಂದ ಹಳೆಯ ವಿಭೂತಿ ಮತ್ತು ಒಣಗಿದ ಚೆಂಡುಹೂವಿನ ವಾಸನೆ ಬಂತು. ನಮ್ಮ ಹಿಂದೂಪುರದ ಮನೆಯಲ್ಲಿ ಈ ವಾಸನೆ ಬಂದರೆ, ತಾತನ ತಮ್ಮ, ಅಂದರೆ ನಮ್ಮ ಚಿಕ್ಕತಾತ, ಇನ್ನೇನು ಕಲ್ಯಾಣದುರ್ಗದ ಬಸ್ಸಿನಿಂದ ಇಳಿಯುತ್ತಾರೆಂದು ಅರ್ಥ. ಬಂದವರೇ ಈ ಫೋಟೋದ ಎದುರು ನಿಂತು ತಮ್ಮ ತಲೆ ಬಾಚಿಕೊಳ್ಳುತ್ತಾರೆ. ನೀವು ನಗಬಹುದು, ಫೋಟೋದಲ್ಲಿರುವುದು ಅವರೇ.

ವಿಷಯ ಹೀಗೆ. ತಾತ ಬದುಕಿರುವವರೆಗೆ ಒಂದೂ ಫೋಟೋ ತೆಗೆಸಿಕೊಳ್ಳಲಿಲ್ಲ. “ದಿನಾ ನೋಡ್ತೀರಲ್ಲ ನನ್ ಮುಖಾನ, ಸಾಲ್ದಾ?” ಎಂದು ಹೋಗಿ ಮಗ್ಗಕ್ಕೆ ಕೂರುತ್ತಿದ್ದರಂತೆ. ಅವರು ತೀರಿಕೊಂಡಾಗ ಅಪ್ಪನಿಗೆ ಮೂರು ವರ್ಷ. ತಿಥಿಯ ದಿನ ಹಾರ ಹಾಕಲು ಫೋಟೋ ಬೇಕಲ್ಲ? ಹೋಲಿಕೆ ಇರುವವರು ಯಾರಾದರೂ ಇದ್ದರೆ ಕರೆತನ್ನಿ ಎಂದ ಸ್ಟುಡಿಯೋದವನು, ಆಗಿನ್ನೂ ಮೀಸೆ ಬಿಡದಿದ್ದ ಚಿಕ್ಕತಾತನಿಗೆ ಅಣ್ಣನ ಅಂಗಿ ತೊಡಿಸಿ ಕೂರಿಸಿದ. ಆಮೇಲೆ ಫೋಟೋದ ಮೇಲೆ ಮೀಸೆ ಬರೆದು, ಗಲ್ಲಕ್ಕೊಂದು ಮಚ್ಚೆ ಇಟ್ಟ. ಅಲ್ಲಿಗೆ ತಾತ ತಯಾರಾದರು. ಅಂದಿನಿಂದ ಚಿಕ್ಕತಾತ ಪ್ರತಿ ವರ್ಷ ಬಂದು, ಹಾರ ಹಾಕಿಸಿಕೊಂಡ ತಮ್ಮದೇ ಮುಖದ ಕೆಳಗೆ ಕೂತು ವಡೆ ತಿನ್ನುತ್ತಾರೆ. “ಸಾಯ್ದಲೇ ಎಡೆ ತಿನ್ನೋ ಯೋಗ ಇನ್ಯಾರಿಗೈತೆ ಕಣಮ್ಮ!”

ನನಗೆ ದಿನಚರಿ ಬರೆಯುವ ಚಟ, ಅದಕ್ಕಿಂತ ಹೆಚ್ಚಾಗಿ ಎಣಿಸುವ ಚಟ. ಕರೆಂಟು ಎಷ್ಟು ಸಲ ಹೋಯಿತು, ಅಪ್ಪ ಎಷ್ಟು ಸಲ ಕನ್ನಡಕ ಹುಡುಕಿದ, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಇದರಿಂದ ಯಾರಿಗೂ ಇದುವರೆಗೆ ಉಪಕಾರವಾಗಿಲ್ಲ. ಅಮಾವಾಸ್ಯೆಯ ಪುಟದಲ್ಲಿ ಮಾತ್ರ ಒಂದು ಕಾಯಂ ಸಾಲು: ಎಡೆ ಇಡುವಾಗ ಅಜ್ಜಿ ಫೋಟೋದ ಮೇಲೆ ಎತ್ತುವ ತಕರಾರುಗಳು. “ಕಿವಿ ಹಿಂಗಿರ್ಲಿಲ್ಲ ಕಣಮ್ಮ. ನಿಮ್ ತಾತನ್ದು ಮೊರದಂಗೆ ಮುಂದ್ಕೆ ಬಾಗಿತ್ತು.” ಮೊದಲ ವರ್ಷ ಕಿವಿ, ಗಲ್ಲ, ಹುಬ್ಬು: ಮೂರು. ಮರುವರ್ಷ ಎರಡು. ಅದರ ಮರುವರ್ಷ ಕಿವಿ ಒಂದೇ. ಕಳೆದ ವರ್ಷ ಪೆನ್ನು ಹಿಡಿದು ಕಾದೆ. ಅಜ್ಜಿ ಎಡೆ ಇಟ್ಟು, ತಲೆಯೆತ್ತಿ ನೋಡಿ, “ಹಿಂಗೇ ಇದ್ರು ಕಣಮ್ಮ ನಿಮ್ ತಾತ” ಎಂದಳು.

ಸೊನ್ನೆ ಬರೆದೆ. ಬರೆದ ಮೇಲೆ ಹಿಂದಿನ ಪುಟಗಳನ್ನು ತಿರುವಿದೆ: ಮೂರು, ಎರಡು, ಒಂದು. ಚಿಕ್ಕತಾತನಿಗಂತೂ ಅಣ್ಣನೆಂದರೆ ಈಗ ತಮ್ಮದೇ ಫೋಟೋ; ತಾತನ ಮುಖ ಉಳಿದಿದ್ದದ್ದು ಅಜ್ಜಿಯ ತಲೆಯಲ್ಲಿ ಮಾತ್ರ. ಅಲ್ಲಿಂದಲೂ ಅವರನ್ನು ಎಬ್ಬಿಸಿ ಚಿಕ್ಕತಾತ ಕೂತುಬಿಟ್ಟಿದ್ದರು.

ಮರುದಿನವೇ ಮನೆಯವರೆಲ್ಲರ ಫೋಟೋ, ಒಬ್ಬೊಬ್ಬರದೇ, ಮುಖ ತುಂಬ, ತೆಗೆಯಲು ಹೊರಟೆ. ಅಜ್ಜಿಯಿಂದ ಶುರು. ಪ್ರಯತ್ನ ಹದಿನಾರು, ಸಿಕ್ಕಿದ್ದು ಅಂಗೈ ಒಂಬತ್ತು, ಸೆರಗು ಐದು, ಬೆನ್ನು ಎರಡು.

“ನನ್ನ ಗ್ವಾಡೆಗೆ ನೇತಾಕಾಕೆ ಅಷ್ಟೊಂದು ಅವಸ್ರ ಏನೇ ನಿಂಗೆ?”

ಇನ್ನೂ ಊರಿಗೆ ಹೊರಡದೆ ಅಲ್ಲೇ ಕಾಫಿ ಕುಡಿಯುತ್ತಿದ್ದ ಚಿಕ್ಕತಾತ ಲೋಟ ಕೆಳಗಿಟ್ಟರು. “ಬ್ಯಾಡ ಬಿಡಮ್ಮ, ಅತ್ಗೇನ ಬಲವಂತ ಮಾಡ್ಬ್ಯಾಡ. ಮುಂದಕ್ಕೆ ಬೇಕಾದ್ರೆ ನಾನೇ ಕೂತ್ಕತೀನಿ. ಮೀಸೆ ಬೋಳಿಸ್ಕಂಡು, ಸೀರೆ ಉಟ್ಕಂಡು, ಮೂಗ್‌ಬೊಟ್ಟು ಇಟ್ಕಂಡ್ರಾಯ್ತು. ನಂಗೇನು ಹೊಸ್ದಾ?”

“ಥೂ! ನಿನ್ ಮುಖಕ್ಕೆ ನನ್ ಮೊಮ್ಮಕ್ಳು ಕೈ ಮುಗೀಬೇಕಾ?” ಎಂದ ಅಜ್ಜಿ ಬಾಚಣಿಗೆ ಹುಡುಕಲು ಎದ್ದಳು. ಹತ್ತು ನಿಮಿಷದಲ್ಲಿ ರೇಷ್ಮೆ ಸೀರೆಯುಟ್ಟು ಕಿಟಕಿಯ ಬೆಳಕಿಗೆ ಕೂತಿದ್ದಳು. ನಗು ಅಜ್ಜಿ ಎಂದರೆ, “ಹಲ್ಲೆಲ್ಲೈತೆ ನಗಾಕೆ? ಚಾಲು ಚಾಲು, ಇಷ್ಟು ಸಾಕು, ತೆಗಿ.”

ಮುಂದಿನ ಸರದಿ ಅಪ್ಪನದು. ಶಾಲೆಯಲ್ಲಿ ಯಾರೋ ಚುಡಾಯಿಸಿದ್ದಕ್ಕೆ ಅಂದಿನಿಂದ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟೇ ಬದುಕಿದ ಮನುಷ್ಯ, ಫೋಟೋ ಎಂದ ಕೂಡಲೇ ಹೇಳದೆ ಕೇಳದೆ ಕಟಿಂಗ್ ಶಾಪಿಗೆ ಹೋಗಿಬಂದ. ಅಲ್ಲಿ ಉತ್ಸಾಹ ಸ್ವಲ್ಪ ಹೆಚ್ಚಾಗಿ, ಎರಡೂ ಕಿವಿ ಬಯಲಾಗಿದ್ದವು. “ಅಬ್ಬೋ! ಗಾಳಿಗೆ ನಿಂತ್ಕೋಬ್ಯಾಡ ಕಣಪ್ಪ, ಹಾರೋಯ್ತೀಯ” ಎಂದು ಚಿಕ್ಕತಾತ ಬಿದ್ದು ಬಿದ್ದು ನಕ್ಕರು. ನಾನೂ ನಗುತ್ತಲೇ ಕ್ಲಿಕ್ಕಿಸಿ ಅಜ್ಜಿಗೆ ತೋರಿಸಿದೆ.

ಅಜ್ಜಿ ನಗಲಿಲ್ಲ. ಫೋನಿನ ಪರದೆಯ ಮೇಲೆ ಆ ಕಿವಿಯನ್ನು ಬೆರಳಿನಿಂದ ಸವರಿದಳು. ಫೋಟೋ ಸರಿದು ಅವಳದೇ ಸಿಡುಕು ಮುಖ ಬಂತು. “ಇದಲ್ಲ, ಅದು ತೋರ್ಸು.” ತೋರಿಸಿದೆ. ಗೋಡೆ ನೋಡಿದಳು, ಫೋನು ನೋಡಿದಳು. “ಇದು ಕಣಮ್ಮ ನಿಮ್ ತಾತನ ಕಿವಿ. ಇದೇಯ.” ಆಮೇಲೆ ಚಿಕ್ಕತಾತನತ್ತ ತಿರುಗಿ, “ನಿಂದೂ ಒಂದು ಕಿವಿನಾ? ಇಲಿ ಕಿವಿ!”

ಬದುಕಿರುವವರ ಫೋಟೋ ಆ ಗೋಡೆಗೆ ಹಾಕಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಅಪ್ಪನದು ಎದುರು ಗೋಡೆಯಲ್ಲಿದೆ, ಕಿವಿಗಳ ಸಮೇತ, ತಾತನಿಗೆ ಮುಖಾಮುಖಿ. ಪಕ್ಕದಲ್ಲಿ ಅಜ್ಜಿ, ಹಲ್ಲು ತೋರಿಸದೆ.

ಇವತ್ತು ಎಡೆ ಇಟ್ಟಾಯಿತು. ಅಜ್ಜಿ ಎದುರು ಗೋಡೆಯನ್ನು ಒಮ್ಮೆ ನೋಡಿಕೊಂಡು ತಾತನ ಫೋಟೋದತ್ತ ತಿರುಗಿದಳು. ಕಿವಿ ಸರಿಯಿಲ್ಲ. ಗಲ್ಲ ಚೂಪಾಯಿತು. ಹುಬ್ಬು ಸೇರಬಾರದಿತ್ತು. ನಾನು ಪೆನ್ನಿನ ಮುಚ್ಚಳ ಹಾಕಬೇಕೆನ್ನುವಷ್ಟರಲ್ಲಿ, ಇದುವರೆಗೆ ಯಾವ ವರ್ಷವೂ ಹೇಳದ ಮಾತೊಂದು ಬಂತು: “ಇಷ್ಟು ಪೆದ್ದುಪೆದ್ದಾಗೂ ಇರ್ಲಿಲ್ಲ ಕಣಮ್ಮ.”

ವಡೆಗೆ ಕಾಯುತ್ತಿದ್ದ ಚಿಕ್ಕತಾತ ತಲೆಯಾಡಿಸಿ ಒಪ್ಪಿಕೊಂಡರು. ನಾನು ಬರೆದುಕೊಂಡೆ: ನಾಲ್ಕು.