ಬೆನ್ನು ತಿರುಗಿಸಿ ಕೂತ ಟೇಪ್ ರೆಕಾರ್ಡರುಗಳು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ನಜ್ಮಾಳ ಅಂಗಡಿಗೆ ಮೊದಲ ಸಲ ಬಂದವರು ಇದೇನು ಅಂಗಡಿಯೋ ಗೋಡೌನೋ ಅಂತ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಶೆಲ್ಫಿನಲ್ಲಿದ್ದ ಟೇಪ್ ರೆಕಾರ್ಡರು, ರೇಡಿಯೋ, ಆಂಪ್ಲಿಫೈಯರು ಎಲ್ಲವೂ ಗಿರಾಕಿಗೆ ಬೆನ್ನು ತಿರುಗಿಸಿ ಕೂತಿದ್ದವು. ಬೆನ್ನಿನ ಮುಚ್ಚಳವೂ ಇಲ್ಲ. ವೈರು, ಕಾಯಿಲು, ಸ್ಪೀಕರಿನ ಅಯಸ್ಕಾಂತ ಎಲ್ಲ ಬಟಾಬಯಲು. ಅದು ತೊಂಬತ್ತೆಂಟನೇ ಇಸವಿ. ಬಣ್ಣದ ದೀಪ ಕುಣಿಯುವ ಸೆಟ್ಟು ಕಂಡರೆ ಊರಿಗೆ ಊರೇ ಬಾಯಿ ಬಿಡುವ ಕಾಲದಲ್ಲಿ ಈ ಹೆಂಗಸಿಗೆ ಇದೆಂಥ ಹುಚ್ಚು ಅಂತ ಪೇಟೆಯವರು ನಕ್ಕರು. ನಗಲಿ ಬಿಡಿ, ನಕ್ಕವರೇನು ಅವಳ ಮನೆಗೆ ಅಕ್ಕಿ ತಂದು ಹಾಕುತ್ತಿದ್ದರೇ?

ಹುಚ್ಚಲ್ಲ ಅದು, ಸಿಟ್ಟು. ಅಂಗನವಾಡಿ ಟೀಚರ್ ದೇವೀರಮ್ಮ ನಜ್ಮಾಳ ಅಂಗಡಿಯಲ್ಲೇ ನಾಲ್ಕು ಸ್ಪೀಕರಿನ ಸೆಟ್ಟೊಂದನ್ನು ಕೊಂಡಿದ್ದರು. ಎರಡರಲ್ಲಿ ಸದ್ದೇ ಬರಲ್ಲ ಅಂತ ವಾಪಸ್ ತಂದಾಗ ನಜ್ಮಾ ಬಿಚ್ಚಿ ನೋಡಿದರೆ, ಎರಡು ಜಾಲರಿಗಳ ಹಿಂದೆ ಸ್ಪೀಕರೇ ಇಲ್ಲ. ಬರೀ ಪ್ಲಾಸ್ಟಿಕ್ಕು, ಒಂದು ತೂತನ್ನಾದರೂ ಕೊರೆದಿದ್ದರೆ ಕೇಳಿ! ಬೇರೆ ಸೆಟ್ಟು ಕೊಟ್ಟು ಕಳಿಸಿದ್ದಾಯಿತು. ಆದರೆ ಅಷ್ಟರಲ್ಲಿ ದೇವೀರಮ್ಮ ಸಂತೆಯ ನಡುವೆ ನಿಂತು, "ಪೀರ್ ಪಾಷಾ ಅಂತ ನಂಬಿ ತಂದೆ, ಟೊಳ್ಳು ಡಬ್ಬ ಕಟ್ಟಿ ಕಳಿಸಿದ್ನಲ್ಲ!" ಅಂದಾಗಿತ್ತು.

ಪೀರ್ ಪಾಷಾ ನಜ್ಮಾಳ ಅಪ್ಪ. ಎಸ್ಟೇಟು ಎಸ್ಟೇಟಿಗೆ ನಡೆದು ರೇಡಿಯೋ ರಿಪೇರಿ ಮಾಡಿ ಆ ಅಂಗಡಿ ಕಟ್ಟಿದವನು. ಈಗ ಕೈ ನಡುಗುತ್ತದೆ ಅಂತ ಮಗಳಿಗೆ ಬಿಟ್ಟುಕೊಟ್ಟು ಒಳಗಿನ ಬೆಂಚಿನಲ್ಲಿ ಕೂರುತ್ತಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆ ಮನುಷ್ಯ ಪೇಟೆಗೆ ಇಳಿಯುವುದನ್ನೇ ಬಿಟ್ಟ. ಯಾವನೋ ಮಾಡಿದ ಮೋಸಕ್ಕೆ ನಮ್ಮಪ್ಪ ತಲೆ ತಗ್ಗಿಸಬೇಕಾ ಅಂತ ನಜ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. ಸ್ಕ್ರೂಡ್ರೈವರ್ ಹಿಡಿದು ಕೂತವಳು ಅಂಗಡಿಯಲ್ಲಿದ್ದ ಅಷ್ಟೂ ಸೆಟ್ಟುಗಳನ್ನು ಬಿಚ್ಚಿ, ತಿರುಗಿಸಿ ಇಟ್ಟಳು. ಇನ್ನು ಒಳಗೆ ನೋಡದೆ ಯಾರೂ ಕೊಳ್ಳುವ ಹಾಗಿಲ್ಲ!

ಸುದ್ದಿ ಆ ಸೆಟ್ಟು ಮಾಡುವ ಕಂಪನಿಗೆ ಹೋಗದೆ ಇರುತ್ತದೆಯೇ? ಏಜೆಂಟ್ ಶಶಿಧರ್ ಬಂದಿಳಿದ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು.

"ಮೇಡಂ, ಸೀಲ್ ಒಡೆದ್ರೆ ವಾರಂಟಿ ಇಲ್ಲ. ಎಲ್ಲ ಮುಚ್ಚಿ ಮುಂದಕ್ಕೆ ತಿರುಗಿಸಿ. ಇಲ್ಲಾಂದ್ರೆ ನಿಮ್ಮ ಡೀಲರ್‌ಶಿಪ್ ಕ್ಯಾನ್ಸಲ್."

ಕ್ಯಾನ್ಸಲ್ ಅಂದರೆ ಹೊಸ ಮಾಲು ನಿಂತಿತು, ಅರ್ಧ ಅಂಗಡಿ ಖಾಲಿಯಾಯಿತು ಅಂತಲೇ ಲೆಕ್ಕ. ಬೆಂಚಿನಿಂದ ಪೀರ್ ಪಾಷಾ, "ತಿರುಗ್ಸಿಬಿಡೇ ಮಗಳೇ, ಹೊಟ್ಟೆಪಾಡು" ಅಂದ. ನಜ್ಮಾ ಜಪ್ಪಯ್ಯ ಅನ್ನಲಿಲ್ಲ.

"ಒಳಗೆ ಎಂತ ಉಂಟು ಅಂತ ಗಿರಾಕಿ ನೋಡ್ಬಾರ್ದಾ?"

"ಯಾವ ಗಿರಾಕಿಗೆ ಬೇಕು ಹೇಳಿ?"

"ಎಲ್ಲರಿಗೂ ಬೇಕು. ತೋರಿಸೋರು ಇಲ್ಲ ಅಷ್ಟೇ."

ಶಶಿಧರ್ ನಕ್ಕ. "ಸರಿ, ಮುಂದೆ ಬರೋ ಗಿರಾಕಿನೇ ಹೇಳ್ಲಿ. ಒಳಗೆ ನೋಡಿ ಒಳ್ಳೇದು ಆರಿಸಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಸೆಟ್ ತಿರುಗಿಸ್ತೀರೋ, ಕಂಪನಿ ಬೋರ್ಡ್ ಬಿಚ್ಚಿ ಕೊಡ್ತೀರೋ ನಿಮ್ಮಿಷ್ಟ."

"ಆಯ್ತು" ಅಂದಳು ನಜ್ಮಾ.

ಬಂದವರು ಯಾರು ಅಂತೀರಿ? ಕೊಟ್ಟಿಗೆಹಾರದ ಕಡೆಯ ಪ್ಲಾಂಟರ್ ಶಾಂತವೀರಪ್ಪನವರು! ನಜ್ಮಾಳಿಗೆ ಗೆದ್ದೇಬಿಟ್ಟೆ ಅನ್ನಿಸಿತು. ತಪ್ಪೇನಿಲ್ಲ. ತಮ್ಮ ಬೆಳೆಯ ಜೊತೆಗೆ ಸಣ್ಣ ಬೆಳೆಗಾರರ ಪಾರ್ಚ್‌ಮೆಂಟ್ ಕಾಫಿಯನ್ನೂ ಕೊಳ್ಳುತ್ತಿದ್ದ ಅವರು, ಮೂಟೆಗೆ ಕೈ ಹಾಕಿ ಹಿಡಿ ಬೀಜ ತೆಗೆದು, ಸಿಪ್ಪೆ ಬಿಡಿಸಿ, ಹಲ್ಲಿಂದ ಕಚ್ಚಿ ನೋಡದೆ ವ್ಯಾಪಾರದ ಮಾತೇ ಎತ್ತುತ್ತಿರಲಿಲ್ಲ. ಅಂಥವರಿಗಿಂತ ಚೆನ್ನಾಗಿ ಒಳಗೆ ನೋಡುವ ಗಿರಾಕಿ ಇನ್ನಾರು ಸಿಕ್ಕಾರು?

ಅವಳು ಎರಡು ಸೆಟ್ಟು ಮುಂದಿಟ್ಟಳು. "ನೋಡಿ ಸಾರ್, ಇದ್ರಲ್ಲಿ ಎರಡೇ ಸ್ಪೀಕರು, ಆದ್ರೆ ಗಟ್ಟಿ ಮಾಲು. ಇದಕ್ಕೆ ನಾಲ್ಕು ಜಾಲರಿ, ದೀಪ ಬೇರೆ. ಆದ್ರೆ ಎರಡರ ಹಿಂದೆ ಎಂತದೂ ಇಲ್ಲ. ಕೈ ಹಾಕಿ ನೋಡಿ."

ಶಾಂತವೀರಪ್ಪನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬೆರಳಲ್ಲಿ ತಟ್ಟಿದರು. ಟೊಳ್ಳು ಸದ್ದು ಎಲ್ಲರಿಗೂ ಕೇಳಿಸಿತು. "ಅಯ್ಯೋ, ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಅಂತಾರಲ್ಲ, ಹಂಗಾಯ್ತಲ್ಲ ಮಾರಾಯ್ತಿ ಇದು" ಅಂತ ಗಟ್ಟಿಯಾಗಿ ನಕ್ಕರು. ನಜ್ಮಾ ಶಶಿಧರನ ಕಡೆ ಒಂದು ನೋಟ ಬಿಸಾಕಿದಳು.

"ಇದೇ ಕಟ್ಟಿಕೊಡು" ಅಂದರು ಶಾಂತವೀರಪ್ಪನವರು, ದೀಪದ ಸೆಟ್ಟಿನ ಮೇಲೆ ಕೈಯಿಟ್ಟು.

"ಸಾರ್, ಅದು ಟೊಳ್ಳು."

"ಗೊತ್ತಾಯ್ತಲ್ಲ, ನೀನೇ ತೋರಿಸ್ದೆ. ಹಾಲ್‌ನಲ್ಲಿ ಇಡೋದು ಇದು. ಬಂದ ನೆಂಟ್ರು ಬಿಚ್ಚಿ ನೋಡ್ತಾರಾ?"

ಅವಳ ಮುಖ ಬಿಳಿಚಿತು. ಕುರುಡನಿಗೆ ಕಾಣಲಿಲ್ಲ ಅಂದರೆ ಸಮಾಧಾನ ಮಾಡಿಕೊಳ್ಳಬಹುದು. ಕಂಡೂ ಕಂಡೂ ಬೇಡ ಅಂದರೆ? ಇಷ್ಟು ದಿನ ಅವಳು ನೆಚ್ಚಿಕೊಂಡಿದ್ದ ಮಾತೇ ಸುಳ್ಳಾಗಿತ್ತು. ಶಶಿಧರ್ ಗಂಟಲು ಸರಿಮಾಡಿಕೊಂಡ.

"ಸೋತೆ ಕಣ್ರೀ" ಅಂದಳು ನಜ್ಮಾ, ಅವನು ಬಾಯಿ ತೆರೆಯುವ ಮೊದಲೇ. ಸ್ಟೂಲು ಎಳೆದುಕೊಂಡು ಹತ್ತಿ, ಕಂಪನಿಯ ತಗಡಿನ ಬೋರ್ಡನ್ನು ತಾನೇ ಬಿಚ್ಚಿ ಅವನ ಕೈಗಿಟ್ಟಳು. ಆಳುದ್ದದ ಬೋರ್ಡು. ಅದನ್ನು ಬಸ್ಸಿನೊಳಗೆ ತುರುಕಲು ಆ ಇಸ್ತ್ರಿ ಶರ್ಟು ಪಟ್ಟ ಪಾಡನ್ನು ಪೇಟೆಯವರು ಬಹಳ ದಿನ ಹೇಳಿಕೊಂಡು ನಕ್ಕರು.

ಮುಂದೆ ಕುದುರೆಮುಖದ ಗಣಿ ನಿಂತು, ಟೌನ್‌ಶಿಪ್ಪಿನವರು ಗಂಟುಮೂಟೆ ಕಟ್ಟಿದಾಗ ಅವರ ಹಳೇ ಸೆಟ್ಟುಗಳನ್ನು ತಂದು, ಬಿಚ್ಚಿ ತೋರಿಸಿ ಮಾರುತ್ತಲೇ ಅವಳು ಬದುಕಿದಳು. ಸುಖವಾಗೇನಲ್ಲ, ಕಷ್ಟದಿಂದಲೇ. ಅದೆಲ್ಲ ಆಮೇಲಿನ ಮಾತು. ಅವತ್ತು ಶಾಂತವೀರಪ್ಪನವರು ಮಾತ್ರ ಇನ್ನೂ ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತಿದ್ದರು.

"ನಿಮ್ಮ ಜಗಳ ಮುಗೀತಲ್ಲ, ನಂದು ಕಟ್ಟಮ್ಮ."

"ಕೊಡಲ್ಲ ಸಾರ್."

"ಎಂತ ಕೊಡಲ್ಲ? ದುಡ್ಡು ಕೊಡ್ತಿಲ್ವಾ ನಾನು?"

"ಇದನ್ನ ಯಾರಿಗೂ ಕೊಡಲ್ಲ."

ಅವರಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲ ಮಾರಾಯ್ತಿ, ಒಳಗೆ ಎಂತ ಉಂಟು ಅಂತ ಕೊಳ್ಳೋ ನಂಗೇ ಬೇಡ. ನಿಂಗೆಂತಕ್ಕೆ?"

ನಜ್ಮಾ ಆ ಸೆಟ್ಟನ್ನು ಅವರ ಕೈಯಡಿಯಿಂದ ಎಳೆದುಕೊಂಡಳು.

"ನಿಮಗೆ ಬೇಡದೆ ಇರಬಹುದು ಸಾರ್. ಮಾರೋಳು ನಾನು. ನಂಗೆ ಬೇಕು."