ಹೊರ ಲಂಗರಿನ ಬೆಲ್ಲ ನೀರು

ಗಲ್ಫಿನ ಫುಜೈರಾಕ್ಕೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ದನಗಳ ಕೂಗು. ಒಂದೆರಡಲ್ಲ, ನೂರಾರು ದನಗಳು ಒಟ್ಟಿಗೆ ಕೂಗುತ್ತಿದ್ದವು. ಪುತ್ತೂರು ಕಡೆಯ ಸವಣೂರಿನ ಮನೆಯಲ್ಲೇ ಇದ್ದೇನೆಂದು ಭಾವಿಸಿ, ಕಣ್ಣು ಮುಚ್ಚಿಕೊಂಡೇ ಪಕ್ಕದ ಮನೆಯವರಿಗೆ ಬೈದೆ. ಇಷ್ಟು ಹೊತ್ತಾದರೂ ಹಟ್ಟಿಗೆ ಹುಲ್ಲು ಹಾಕಿಲ್ಲವಲ್ಲ ಎಂದು. ಕಣ್ಣು ಬಿಟ್ಟರೆ ಮೂಗಿನ ಮೇಲೆ ಇನ್ನೊಂದು ಕಬ್ಬಿಣದ ಮಂಚ, ಅದರಿಂದ ಜೋತುಬಿದ್ದ ಯಾರದೋ ಒದ್ದೆ ಲುಂಗಿ. ಕಿಟಕಿಯ ಹೊರಗೆ ಹುಲ್ಲಿನ ಒಂದು ಎಸಳೂ ಇಲ್ಲ. ಬೋಳು ಗುಡ್ಡ, ರಸ್ತೆ, ರಸ್ತೆಯಾಚೆ ಬಂದರು. ದನಗಳು ಸಮುದ್ರದಿಂದ ಕೂಗುತ್ತಿದ್ದವು.

"ಅದು ದನದ ಹಡಗು. ಗಾಳಿ ಈ ಕಡೆ ತಿರುಗಿದರೆ ವಾಸನೆಯೂ ಬರುತ್ತದೆ, ಆಗ ನೋಡು" ಎಂದು ಮೇಲಿನ ಮಂಚದ ಬಶೀರಿಕ್ಕ ಮಲಯಾಳದಲ್ಲಿ ಹೇಳಿ ಮಗ್ಗುಲು ಬದಲಿಸಿದರು. ಅವರು ಕಾಸರಗೋಡಿನವರು, ನಮ್ಮ ಕಂಪೆನಿಯ ದೋಣಿ ನಡೆಸುವವರು. ನನಗೆ ಆಶ್ಚರ್ಯಕ್ಕಿಂತ ಸಿಟ್ಟು ಹೆಚ್ಚು ಬಂತು. ವೀಸಾ ಮಾಡಿಸಿದ ಸೋದರಮಾವ ಹೇಳಿದ್ದು "ಶಿಪ್ಪಿನ ಕೆಲಸ, ಎಸಿ ಆಫೀಸು" ಎಂದು. ಶಿಪ್ಪಿನಲ್ಲಿ ದನ ಇರುತ್ತದೆಂದಾಗಲಿ, ಆಫೀಸಿನ ಎಸಿ ಮ್ಯಾನೇಜರನ ತಲೆಯ ಮೇಲೆ ಮಾತ್ರ ಇರುತ್ತದೆಂದಾಗಲಿ ಅವರು ಹೇಳಿರಲಿಲ್ಲ.

ನಮ್ಮ ಕಂಪೆನಿ ಹಡಗುಗಳಿಗೆ ದಿನಸಿ ಒದಗಿಸುತ್ತದೆ. ಇಲ್ಲಿ ದಿನಸಿ ಅಂಗಡಿಗೆ ಬಖಾಲ ಎನ್ನುತ್ತಾರೆ. ನಮ್ಮದು ನೀರಿನ ಮೇಲೆ ಓಡಾಡುವ ಬಖಾಲ. ಬಂದರಿನ ಒಳಗೆ ಜಾಗ ಸಿಗದ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಆ ಜಾಗಕ್ಕೆ ಹೊರ ಲಂಗರು ಎಂದು ಹೆಸರು. ಅಕ್ಕಿ, ಕೋಳಿ, ನೀರುಳ್ಳಿ, ಕುಡಿಯುವ ನೀರಿನ ಪೆಟ್ಟಿಗೆಗಳನ್ನು ದೋಣಿಗೆ ತುಂಬಿ ಅಲ್ಲಿಗೆ ಒಯ್ದು ಕ್ರೇನಿನ ಬಲೆಗೆ ಹಾಕುವುದು ನನ್ನ ಕೆಲಸ. ಸವಣೂರಿನಿಂದ ಪುತ್ತೂರಿಗೆ ಬಸ್ಸಿನಲ್ಲಿ ಹೋಗುವುದಕ್ಕೇ ವಾಂತಿ ಮಾಡುತ್ತಿದ್ದ ನನಗೆ ಈ ಕೆಲಸ!

ಮೊದಲ ತಿಂಗಳು ಎಲ್ಲ ಹಡಗೂ ಒಂದೇ ಥರ ಕಂಡವು. ಆಮೇಲೆ ಬಶೀರಿಕ್ಕ ಬೈದು ಬೈದು ಕಲಿಸಿದರು. ಡೆಕ್ಕಿನ ಮೇಲೆ ಕೊಳವೆಗಳ ಗೋಜಲು ಕಂಡರೆ ಅದು ಎಣ್ಣೆ ಟ್ಯಾಂಕರ್. ಹೊಟ್ಟೆ ತುಂಬಿದ್ದರೆ ನೀರಿನಲ್ಲಿ ತಗ್ಗಿ ಕೂತಿರುತ್ತದೆ, ಖಾಲಿಯಾದರೆ ಕೆಂಪು ಅಡಿ ಕಾಣುವಷ್ಟು ಮೇಲೆದ್ದಿರುತ್ತದೆ. ಸಾಲಾಗಿ ದೊಡ್ಡ ಮುಚ್ಚಳಗಳಿದ್ದರೆ ಗೋಧಿ, ಕಲ್ಲಿದ್ದಲು, ಅದಿರನ್ನು ಚೀಲವಿಲ್ಲದೆ ಹಾಗೆಯೇ ಸುರಿದುಕೊಂಡು ಹೋಗುವ ಹಡಗು. ಬೆಂಕಿಪೆಟ್ಟಿಗೆಗಳನ್ನು ಪೇರಿಸಿದಂತೆ ಕಂಡರೆ ಕಂಟೇನರಿನದು. ಅದಕ್ಕೆ ಯಾವಾಗಲೂ ಅವಸರ. ಕಿಟಕಿಯಿಲ್ಲದ ಗೋಡೆಯಂತೆ ಎತ್ತರಕ್ಕೆ ನಿಂತದ್ದು ಕಾರು ಸಾಗಿಸುವ ಹಡಗು, ಕಾರುಗಳು ಅದರೊಳಗೆ ತಾವೇ ಓಡಿಕೊಂಡು ಹತ್ತುತ್ತವೆ. ಇವನ್ನೆಲ್ಲ ಎಳೆದು ತಳ್ಳಿ ಸರಿಯಾದ ಜಾಗಕ್ಕೆ ಕೂರಿಸುವುದು ಟಗ್ ಎಂಬ ಕುಳ್ಳ ದೋಣಿ. ಎಂಜಿನ್ನೇ ಅದರ ಮುಕ್ಕಾಲು ದೇಹ.

ಆಗೊಮ್ಮೆ ಈಗೊಮ್ಮೆ ಬೂದಿ ಬಣ್ಣದವು ಬರುತ್ತಿದ್ದವು, ಯುದ್ಧನೌಕೆಗಳು. ಅದರಲ್ಲೂ ಜಾತಿಗಳಿವೆ. ಬೇರೆ ಹಡಗುಗಳಿಗೆ ಕಾವಲಾಗಿ ಹೋಗುವ ಫ್ರಿಗೇಟು, ಅದಕ್ಕಿಂತ ದೊಡ್ಡ ಡಿಸ್ಟ್ರಾಯರು, ನೀರಿನಲ್ಲಿ ಹುಗಿದಿಟ್ಟ ಸಿಡಿಗುಂಡು ಹುಡುಕಿ ತೆಗೆಯುವ ಸಣ್ಣ ನೌಕೆ, ಇವಕ್ಕೆಲ್ಲ ನಡುಸಮುದ್ರದಲ್ಲೇ ಎಣ್ಣೆ, ನೀರು, ಊಟ ಕೊಡುವ ಇನ್ನೊಂದು ನೌಕೆ. ಮೂಲ ವ್ಯತ್ಯಾಸ ಮಾತ್ರ ಒಂದೇ. ಬೂದಿ ಬಣ್ಣದ ಹಡಗಿನ ಹಿಂದೆ ಒಂದು ದೇಶ ಇರುತ್ತದೆ. ಬಾಕಿಯವುಗಳ ಹಿಂದೆ ಒಬ್ಬ ಮಾಲೀಕ ಇರುತ್ತಾನೆ, ಅದೂ ಅವನು ಫೋನ್ ಎತ್ತುತ್ತಿರುವವರೆಗೆ ಮಾತ್ರ.

ಊರಿನಲ್ಲಿ ಇದನ್ನು ಯಾರಿಗೆ ಹೇಳಿದರೂ ತಲೆಗೆ ಹೋಗುವುದಿಲ್ಲ. "ನಿನ್ನ ಶಿಪ್ಪಿನಲ್ಲಿ ತೋಪು ಉಂಟಾ?" ಎಂದು, ಫಿರಂಗಿ ಇದೆಯಾ ಎಂದು, ಭಾವ ಪ್ರತಿ ಸಲವೂ ಕೇಳುತ್ತಾನೆ. ಶಿಪ್ಪು ನನ್ನದಲ್ಲ, ನಾನು ಅದಕ್ಕೆ ನೀರುಳ್ಳಿ ಹೊರುವವನು ಎಂದರೆ "ಹೌದಾ, ಒಂದು ಫೋಟೊ ಕಳಿಸು" ಎನ್ನುತ್ತಾನೆ. ಒಂದೇ ಕೋಣೆಯಲ್ಲಿ ಆರು ಜನ, ಸ್ನಾನಕ್ಕೆ ಸಾಲು, ಎಲ್ಲರಿಗೂ ಸೇರಿ ಒಂದು ಕುಕ್ಕರ್. ಅದರಲ್ಲಿ ಕುಚ್ಚಲಕ್ಕಿ ಬೇಯುವಾಗ ಬರುವ ವಾಸನೆಯೊಂದೇ ಊರಿನದು. ಅದರ ಫೋಟೊ ಯಾರಿಗೂ ಬೇಡ.

ಆ ಚಳಿಗಾಲದಲ್ಲಿ ಹೊರ ಲಂಗರಿನ ಒಂದು ಮೂಲೆಯಲ್ಲಿ ಹಳೆಯ ಸರಕು ಹಡಗೊಂದು ನಿಂತಿತ್ತು. ಸಿಮೆಂಟು, ಕಬ್ಬಿಣ, ಚೀಲ, ಏನು ಸಿಕ್ಕಿದರೂ ಹೇರಿಕೊಂಡು ಸಣ್ಣ ಬಂದರುಗಳಿಗೆ ಅಲೆಯುವ ಜಾತಿಯದು. ಬದಿಯಲ್ಲಿ ಬರೆದ ಹೆಸರು ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಮಾಲೀಕ ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ಒಳಗಿದ್ದವರಿಗೆ ಸಂಬಳ ಇಲ್ಲ, ಡೀಸೆಲ್ ಇಲ್ಲ. ಇಳಿದು ಬರೋಣವೆಂದರೆ ಈ ದೇಶದ ವೀಸಾ ಇಲ್ಲ. ಲಂಗರು ಹಾಕಿದ ಹಡಗನ್ನು ಜನರಿಲ್ಲದೆ ಬಿಡುವ ಹಾಗೂ ಇಲ್ಲ. ನಮ್ಮ ದೋಣಿ ಪಕ್ಕದಲ್ಲಿ ಹೋದಾಗಲೆಲ್ಲ ಅಂಚಿನ ಕಂಬಿಯ ಬಳಿ ಬಂದು ಖಾಲಿ ಕ್ಯಾನುಗಳನ್ನು ಎತ್ತಿ ತೋರಿಸುತ್ತಿದ್ದರು.

"ನೀರಾದರೂ ಕೊಡುವ" ಎಂದು ಮ್ಯಾನೇಜರನಿಗೆ ಹೇಳಿದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಮಾಲೀಕನ ಆರ್ಡರ್ ಬರಲಿ. ಬುಕ್ರ ನೋಡುವ" ಎಂದ. ಬುಕ್ರ ಎಂದರೆ ಅರಬಿಯಲ್ಲಿ ನಾಳೆ. ಈ ಊರಿನಲ್ಲಿ ನಾನು ಮೊದಲು ಕಲಿತ ಮತ್ತು ಅತ್ಯಂತ ದ್ವೇಷಿಸುವ ಪದ ಅದು. ಅವನು ದಿನಾ ಅದನ್ನೇ ಹೇಳಿದ.

ಒಂದು ಮಧ್ಯಾಹ್ನ ಯಾವುದೋ ದೇಶದ ಯುದ್ಧನೌಕೆ ಬಂತು. ಅದರ ಆರ್ಡರಿಗೆ ಬುಕ್ರ ಇಲ್ಲ, ಆಗಿಂದಾಗಲೇ ದೋಣಿ ತುಂಬಿಸಿದೆವು. ಸೇಬು, ಐಸ್‌ಕ್ರೀಮು, ಪೆಟ್ಟಿಗೆ ಪೆಟ್ಟಿಗೆ ನೀರು. ಆ ನೀರಿನ ಮೇಲೆಯೇ ಕುಳಿತು ನಾವು ತುಕ್ಕು ಹಡಗಿನ ಪಕ್ಕದಲ್ಲಿ ಹಾದುಹೋದೆವು. ಕ್ಯಾನುಗಳು ಮೇಲೆದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಯುದ್ಧನೌಕೆಯ ಅಧಿಕಾರಿ ಪ್ರತಿ ಪೆಟ್ಟಿಗೆಯನ್ನೂ ತಿರುಗಿಸಿ ನೋಡಿ, ಮೂಲೆ ಜಜ್ಜಿದ ನಾಲ್ಕೈದನ್ನು ಬೇಡವೆಂದು ಹಿಂದಕ್ಕೆ ತಳ್ಳಿದ. ಜಜ್ಜಿದ್ದು ರಟ್ಟು, ನೀರಲ್ಲ.

ವಾಪಸು ಬರುವಾಗ ಬಶೀರಿಕ್ಕನಿಗೆ "ದೋಣಿ ಅಲ್ಲಿಗೆ ತಿರುಗಿಸಿ" ಎಂದೆ.

"ಪರ್ಮಿಟ್ ಇಲ್ಲ, ಹಮೀದೇ. ಕೆಲಸ ಹೋಗುತ್ತದೆ."

"ಹೋಗಲಿ. ತಿರುಗಿಸದಿದ್ದರೆ ನಾನು ಇಲ್ಲೇ ಹಾರುತ್ತೇನೆ."

ನನಗೆ ಈಜು ಬಾರದೆಂದು ಅವರಿಗೆ ಗೊತ್ತಿತ್ತು. ಬಾಯಿಗೆ ಬಂದಂತೆ ಬೈಯುತ್ತಲೇ ತಿರುಗಿಸಿದರು. ಆ ಜಜ್ಜಿದ ಪೆಟ್ಟಿಗೆಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿ, ನಾನೂ ಹಗ್ಗದ ಏಣಿ ಹಿಡಿದು ಹತ್ತಿದೆ. ಸೋತ ಮುಖದ ನಾಲ್ಕಾರು ಜನ ಸುತ್ತ ನಿಂತರು. ಅವರಲ್ಲಿ ಬಣ್ಣ ಮಾಸಿದ ಏಪ್ರನ್ ಕಟ್ಟಿಕೊಂಡಿದ್ದ ಒಬ್ಬ, ನಾನು ಕೆಳಗಿದ್ದ ಬಶೀರಿಕ್ಕನಿಗೆ ಕೂಗಿ ಹೇಳಿದ ಮಲಯಾಳದಲ್ಲಿ ನಮ್ಮೂರ ಕಡೆಯ ಧಾಟಿ ಗುರುತಿಸಿ, ನನ್ನ ಮುಖವನ್ನೇ ನೋಡಿದ.

"ಊರು ಓಲು?" ಎಂದ, ತುಳುವಿನಲ್ಲಿ. ಊರು ಎಲ್ಲಿ ಎಂದು. ನಡುಸಮುದ್ರದಲ್ಲಿ, ತುಕ್ಕು ಹಿಡಿದ ಹಡಗಿನಲ್ಲಿ!

"ಸವಣೂರು. ನಿಮ್ಮದು?"

"ಸುಳ್ಯದಿಂದ ಸ್ವಲ್ಪ ಒಳಗೆ. ಕುಶಾಲಪ್ಪ ಅಂತ. ಅಡುಗೆ ಕೆಲಸ" ಎಂದು ಕನ್ನಡಕ್ಕೆ ಬಂದ. "ನಿಲ್ಲಿ ಮಾರಾಯ್ರೆ, ಈಗ ಬಂದೆ" ಎಂದು ಒಳಗೆ ಓಡಿದ.

ತಿರುಗಿ ಬಂದವನ ಕೈಯಲ್ಲಿ ಸ್ಟೀಲಿನ ತಟ್ಟೆ. ಅದರ ಮೇಲೆ ಉಗುರಿನಷ್ಟು ಬೆಲ್ಲ, ಒಂದು ಲೋಟ ನೀರು.

ನನ್ನ ತಂದೆ ಸುಳ್ಯದ ಕಡೆ ಮನೆಮನೆಗೆ ಹೋಗಿ ಕಾಳುಮೆಣಸು ಕೊಳ್ಳುತ್ತಿದ್ದರು. ಯಾವ ಗೌಡರ ಮನೆಯ ಜಗುಲಿ ಹತ್ತಿದರೂ ಮೊದಲು ಬರುತ್ತಿದ್ದುದು ಬೆಲ್ಲ ನೀರು. ವ್ಯಾಪಾರ ಕುದುರಲಿ ಬಿಡಲಿ, ಬಂದವನು ಯಾರೇ ಆಗಿರಲಿ, ಅದನ್ನು ಕೊಡದೆ ಮಾತು ಶುರುವಾಗುತ್ತಿರಲಿಲ್ಲ. ಬೇಡ ಎಂದರೆ ಮನೆಯವರಿಗೆ ಅವಮಾನ. ನಾನು ಈಗಷ್ಟೇ ನೀರು ತಂದುಕೊಟ್ಟವನು, ಅವನು ಆ ಪೆಟ್ಟಿಗೆಯನ್ನು ಇನ್ನೂ ಒಡೆದೂ ಇರಲಿಲ್ಲ. ತನ್ನಲ್ಲಿ ಉಳಿದಿದ್ದ ನೀರನ್ನೇ ತಂದಿದ್ದ. ಅದು ಚಹಾದ ಬಣ್ಣಕ್ಕಿತ್ತು, ಕಬ್ಬಿಣದ ರುಚಿಯಿತ್ತು. ಬೆಲ್ಲ ಕಚ್ಚಿ ಪೂರ್ತಿ ಕುಡಿದೆ. ಅಳು ಬರಲಿಲ್ಲ, ಯಾರನ್ನಾದರೂ ಹಿಡಿದು ಹೊಡೆಯಬೇಕೆನಿಸಿತು.

ಹೊರಡುವಾಗ ಅವನು ಹೆಂಡತಿ ಯಮುನಾಳ ನಂಬರ್ ಕೊಟ್ಟ. ಅವನ ಫೋನು ಸತ್ತು ಎಷ್ಟೋ ದಿನವಾಗಿತ್ತು.

"ಆರಾಮ ಇದ್ದೇನೆ ಅಂತ ಹೇಳಿ. ಡ್ಯೂಟಿಯಲ್ಲಿ ನೆಟ್‌ವರ್ಕ್ ಸಿಗುದಿಲ್ಲ ಅಂತ. ಬೇರೆ ಎಂತದೂ ಹೇಳುದು ಬೇಡ."

"ಯಾಕೆ? ಮನೆಯವರು ದೂರು ಕೊಟ್ಟರೆ ನಮ್ಮ ಸರ್ಕಾರದವರು ಏನಾದರೂ ಮಾಡ್ತಾರಲ್ಲ?"

ಅವನು ತಲೆ ತಗ್ಗಿಸಿದ. "ನಾನು ನೇವಿಗೆ ಸೇರಿದ್ದು ಅಂತ ಊರಿನವರು ಫ್ಲೆಕ್ಸ್ ಹಾಕಿದ್ದಾರೆ ಮಾರಾಯ್ರೆ. ಜಂಕ್ಷನ್ನಿನಲ್ಲೇ ಉಂಟು. ಹಿಂದೆ ತೋಪಿನ ಹಡಗು, ಎದುರು ನನ್ನ ಫೋಟೊ. ಏಜೆಂಟ್ ಮರ್ಚೆಂಟ್ ನೇವಿ ಅಂದ, ಇವರು ನೇವಿ ಅಂತ ಬರೆಸಿದ್ರು. ಅಲ್ಲ ಅಂತ ಹೇಳ್ಲಿಕ್ಕೆ ನಂಗೆ ಆಗ್ಲಿಲ್ಲ."

ನನಗೆ ಭಾವನ ತೋಪು ನೆನಪಾಯಿತು. ಊರಿಗೆ ಊರೇ ಸೇರಿ ಒಬ್ಬ ಅಡುಗೆಯವನ ಬೆನ್ನ ಹಿಂದೆ ಯುದ್ಧನೌಕೆ ಅಂಟಿಸಿ, ಅವನು ಬಾಯಾರಿಕೆ ಎಂದು ಹೇಳುವ ಹಾಗೂ ಇಲ್ಲದಂತೆ ಮಾಡಿದೆಯಲ್ಲ! ಅಂದೇ ಸಂಜೆ ಯಮುನಾಗೆ ಫೋನ್ ಮಾಡಿದೆ. ಅವನು ಹೇಳಿಕೊಟ್ಟ ಸುಳ್ಳನ್ನು ಹೇಳಲಿಲ್ಲ. ಅದು ದೇಶದ ಹಡಗಲ್ಲ, ಒಬ್ಬ ಮಾಲೀಕನ ಸರಕು ಹಡಗು, ಮಾಲೀಕ ಕೈಬಿಟ್ಟಿದ್ದಾನೆ ಎಂದು ಬಿಡಿಸಿ ಹೇಳಿದೆ.

"ನೇವಿ ಅಂದ್ರೆ ಸರ್ಕಾರ ನೋಡಿಕೊಳ್ತದೆ ಅಲ್ವಾ?" ಎಂದರು ಆಕೆ.

"ಅದು ನೇವಿ ಅಲ್ಲಮ್ಮ."

ಆಮೇಲೆ ಒಂದೇ ಪ್ರಶ್ನೆ: "ಅಲ್ಲಿ ಕುಡಿಲಿಕ್ಕೆ ನೀರು ಉಂಟಾ?"

ಫ್ಲೆಕ್ಸನ್ನು ಆಕೆಯೇ ಇಳಿಸಿದರಂತೆ, ಹಾಡಹಗಲು, ಅದನ್ನು ಹಾಕಿದವರ ಎದುರಿನಲ್ಲೇ. ಅದನ್ನು ಕೋಳಿಗೂಡಿನ ಮೇಲೆ ಹೊದಿಸಿ, ಪರಿಚಯದ ವಕೀಲರನ್ನು ಕರೆದುಕೊಂಡು ದೂರು ಕೊಟ್ಟರು. ಒಂದಲ್ಲ ಹಲವು ಕಚೇರಿಗೆ ಅಲೆದರು, ಫೋನಿನಲ್ಲಿ ಜಗಳವಾಡಿದರು. ಇತ್ತ ನನ್ನನ್ನು ಮ್ಯಾನೇಜರ್ ದೋಣಿಯಿಂದ ಇಳಿಸಿ ಗೋದಾಮಿಗೆ ಹಾಕಿದ. ಜಜ್ಜಿದ ಪೆಟ್ಟಿಗೆ ಕಂಪೆನಿಯದು ಎಂದು ಅವನು ಕಿರುಚಿದ. ಬಾಯಾರಿದ ಜನ ಯಾರವರು ಎಂದು ನಾನೂ ಕಿರುಚಿದೆ. ಬಶೀರಿಕ್ಕ ಮಾತ್ರ ಹೊರ ಲಂಗರಿಗೆ ಹೋದಾಗಲೆಲ್ಲ ಒಂದೆರಡು ಪೆಟ್ಟಿಗೆಯ ಮೂಲೆಯನ್ನು ಕಾಲಿನಿಂದ ಜಜ್ಜಿ ಇಟ್ಟುಕೊಳ್ಳತೊಡಗಿದರು.

ಸೆಕೆ ಶುರುವಾಗುವ ಹೊತ್ತಿಗೆ ತುಕ್ಕು ಹಡಗಿನವರನ್ನೆಲ್ಲ ಇಳಿಸಿ ಊರಿಗೆ ಕಳಿಸಿದರು. ಕುಶಾಲಪ್ಪನನ್ನು ನೋಡಲು ನನ್ನನ್ನು ಬಿಡಲಿಲ್ಲ. ಹಡಗು ಈಗಲೂ ಹರಾಜಿಗೆ ಕಾಯುತ್ತಾ ಅಲ್ಲೇ ನಿಂತಿದೆ.

ಕಳೆದ ವಾರ ಸುಳ್ಯದಿಂದ ಅವನ ಫೋನ್ ಬಂತು. ಮೊದಲು ಬೈದ. ಹೇಳಬೇಡಿ ಎಂದಿದ್ದನ್ನು ಹೇಳಿದ್ದಕ್ಕೆ, ಅಂಗಡಿ ಬದಿಯಲ್ಲಿ ಜನ "ಎಂತ ಕುಶಾಲಪ್ಪ, ತೋಪು ಎಲ್ಲಿ?" ಎಂದು ನಗುವುದಕ್ಕೆ. ನಾನೂ ಬಿಡಲಿಲ್ಲ, ವಾಪಸು ಬೈದೆ. ಇಬ್ಬರೂ ಸುಸ್ತಾದ ಮೇಲೆ "ಮನೆಗೆ ಹೋದಾಗ ಹೇಗಾಯ್ತು?" ಎಂದು ಕೇಳಿದೆ.

"ಜಗುಲಿ ಹತ್ತಿದೆ. ಯಮುನಾ ಒಳಗಿಂದ ತಟ್ಟೆಯಲ್ಲಿ ಬೆಲ್ಲ ನೀರು ತಂದುಕೊಟ್ಳು. ನೆಂಟರಿಗೆ ಕೊಡುದಲ್ವಾ ಅದು? ನನ್ನದೇ ಮನೆಯಲ್ಲಿ, ನಂಗೆ!"

ಹೋದ ಸಲ ರಜೆಗೆಂದು ಊರಿಗೆ ಹೋದಾಗ ಹೆತ್ತ ಉಮ್ಮ ಬಾಗಿಲಲ್ಲೇ ಕೇಳಿದ್ದು "ಎಷ್ಟು ದಿನ ಉಂಟು?" ಎಂದು. ಬೆಳಿಗ್ಗೆ ಪಕ್ಕದ ಹಟ್ಟಿಯಲ್ಲಿ ದನ ಕೂಗಿದಾಗ ನಾನು ಎದ್ದು ಕಿಟಕಿಯಲ್ಲಿ ಹಡಗು ಹುಡುಕಿದ್ದೆ.

"ಕುಡಿದ್ರಾ?" ಎಂದು ಕೇಳಿದೆ.

"ಕುಡಿದೆ. ಒಳ್ಳೆ ಬಾವಿ ನೀರು" ಎಂದ ಕುಶಾಲಪ್ಪ. "ಆದ್ರೆ ಎಂತ ಸಿಟ್ಟು ಬಂತು ಗೊತ್ತುಂಟಾ ಮಾರಾಯ್ರೆ!"