ಐದೂರಿಗೆ ಒಬ್ಬ ಬುದ್ಧ

ಬುದ್ಧನ ಎಡ ಮೊಣಕಾಲಿನ ಮೇಲೆ, ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ, ಬಿಳಿ ಬಣ್ಣ ಸವೆದು ಮೇಣದ ಹಾಗೆ ನುಣುಪಾಗಿದೆ.

ಹೋದ ಭಾನುವಾರ ಕೊಟ್ಟೂರಿನ ಸಮುದಾಯ ಭವನದಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ, ನಾನು ಇದನ್ನು ಕಂಡೆ. ಧ್ಯಾನದ ಹೊತ್ತಿನಲ್ಲಿ ಕಣ್ಣು ತೆರೆದು ಸುತ್ತ ನೋಡುವುದು ನನ್ನ ಹಳೆಯ ಚಾಳಿ. ಯಾರು ತೂಕಡಿಸುತ್ತಾರೆ, ಯಾರು ಗಡಿಯಾರ ನೋಡುತ್ತಾರೆ, ಫ್ಯಾನಿನ ಯಾವ ರೆಕ್ಕೆ ಸೊಟ್ಟಗಿದೆ, ಇವೆಲ್ಲ ನನಗೆ ಬಾಯಿಪಾಠ. ಪಾಲಿ ಗಾಥೆಗಳು ಮಾತ್ರ ಇನ್ನೂ ಅರ್ಧಂಬರ್ಧ.

ಮೊಣಕಾಲು ಸವೆಯಲು ಕಾರಣ ಇದೆ. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ, ಈ ಐದು ಊರಿನ ನಮ್ಮ ಬೌದ್ಧ ಕುಟುಂಬಗಳಿಗೆಲ್ಲ ಇರುವುದು ಒಂದೇ ಮೂರ್ತಿ. ಯಾರೋ ನಾಗಪುರದಿಂದ ರೈಲಿನಲ್ಲಿ ತಂದ ಬಿಳಿ ಪ್ಲಾಸ್ಟರಿನದು, ಎರಡು ಗೇಣು ಎತ್ತರ. ಪ್ರತಿ ಊರಿಗೂ ಒಂದೊಂದು ಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. 'ಒಂದೊಂದು ತಂದ್ರ ಒಬ್ಬರ ಮುಖ ಒಬ್ಬರು ನೋಡಾದು ಯಾವಾಗ?' ಎಂದರು ಅಪ್ಪ. ಹೀಗಾಗಿ ನಮ್ಮ ಕಡೆ ಬುದ್ಧ ಪೂರ್ಣಿಮೆ ವರ್ಷಕ್ಕೆ ಐದು ಸಲ ಬರುತ್ತದೆ, ಐದು ಭಾನುವಾರ, ಐದು ಊರಲ್ಲಿ. ಒಂದು ಊರಿನಲ್ಲಿ ಸಭೆ ಮುಗಿದ ಮೇಲೆ ಮೂರ್ತಿ ಅಲ್ಲೇ ಯಾರದಾದರೂ ಮನೆಯಲ್ಲಿ ಒಂದು ವಾರ ಉಳಿದು, ಮುಂದಿನ ಭಾನುವಾರ ಬಸ್ಸು ಹತ್ತುತ್ತದೆ. ಲಗೇಜಿಗೆ ಹಾಕುವ ಹಾಗಿಲ್ಲ. ಯಾರಾದರೂ ಮಡಿಲಲ್ಲಿ ಕೂರಿಸಿಕೊಂಡು, ಎಡಗೈಯಲ್ಲಿ ಮೊಣಕಾಲು ಗಟ್ಟಿ ಹಿಡಿಯಬೇಕು.

ಒಮ್ಮೆ ಕಂಡಕ್ಟರ್ ತಡೆದ. "ಇದಕ್ಕೆ ಟಿಕೆಟ್ ತಗೋರಿ."

"ಮಡಿಲಾಗ ಕುಂತೋರಿಗೆ ಟಿಕೆಟ್ ಐತೇನ್ರಿ?" ಎಂದರು ಅಪ್ಪ.

"ವಯಸ್ಸೆಷ್ಟು?"

"ಎರಡೂವರಿ ಸಾವಿರ ವರ್ಷ ಆಗ್ಯಾವ."

"ಹಂಗಾರ ಹಿರಿಯ ನಾಗರಿಕ್ರು. ಆಧಾರ್ ಕಾರ್ಡ್ ತೋರಿಸ್ರಿ" ಎಂದು ಕಂಡಕ್ಟರ್ ನಗುತ್ತ ಮುಂದೆ ಹೋದ.

ಅಪ್ಪ ಈ ಬಳಗದ ಕಾರ್ಯದರ್ಶಿ. ನಮ್ಮೂರು ಹರಪನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಭಾಷಣಕ್ಕೆ ನಿಂತರೆ ಅವರದು ಒಂದೇ ಒತ್ತು: ಬುದ್ಧ ದೇವರಲ್ಲ, ಗುರು, ಅರಿಶಿನ, ಕುಂಕುಮ, ತೆಂಗಿನಕಾಯಿ ಯಾವುದೂ ಬೇಡ, ಒಂದು ದೀಪ, ಎರಡು ಹೂವು ಸಾಕು. ಅವರ ತಾಯಿ, ನನ್ನ ಅಜ್ಜಿ, ತನ್ನ ಹಳ್ಳಿ ಚಿಗಟೇರಿಯಿಂದ ಬಂದು ನಮ್ಮೊಡನೆ ಇರತೊಡಗಿದ ಮೇಲೆ ಈ ಭಾಷಣಗಳನ್ನು ಹೌದು ಅನ್ನದೆ ಅಲ್ಲ ಅನ್ನದೆ ಹಿಂದಿನ ಸಾಲಿನಿಂದ ಕೇಳುತ್ತಿದ್ದಳು. ಆದರೆ ನಾಲ್ಕು ವರ್ಷದ ಹಿಂದೆ ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ, "ನಾನೂ ದೀಕ್ಷೆ ತಗಂತೀನಿ" ಎಂದಳು. ನಮ್ಮಲ್ಲಿ ದೀಕ್ಷೆ ಪಡೆಯುವವರು ಬಿಳಿ ಬಟ್ಟೆ ಉಟ್ಟು ಸಭೆಯ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

"ಯಾಕವ್ವ, ಒಮ್ಮಿಂದೊಮ್ಮೆಲೆ?" ಎಂದರು ಅಪ್ಪ.

"ಹುಟ್ಟಿದಾಗಿಂದ ಎಲ್ಲಿ ಹೋದ್ರೂ ದೂರ ನಿಲ್ಲು, ಹಿಂದ ಕುಂದ್ರು ಅನ್ನಾದ ಕೇಳೀನಿ. ಒಂದು ಸಲ ಮುಂದ ಕುಂತು ನೋಡಬೇಕು ಅನ್ನಾದು ಐತಿ ನೋಡಪ."

ಅಪ್ಪ ತುತ್ತು ಬಿಟ್ಟು ಎದ್ದು ಹೋಗಿ ಮುಖ ತೊಳೆದು ಬಂದರು. ಕೊಟ್ಟೂರಿನ ಸಭೆಯಲ್ಲಿ ದೀಕ್ಷೆ ಎಂದು ನಿಶ್ಚಯವಾಯಿತು.

ಆ ವರ್ಷ ಹರಪನಹಳ್ಳಿಯ ಸಭೆಯ ನಂತರ ಮೂರ್ತಿ ನಮ್ಮ ಮನೆಗೆ ಬರುವ ಸರದಿ. ನಾನಾಗ ಎಂ.ಎಸ್ಸಿ. ರಸಾಯನಶಾಸ್ತ್ರದ ಮೊದಲ ವರ್ಷ, ರಜೆಗೆ ಬಂದಿದ್ದೆ. ಆಟೋದಲ್ಲಿ ನನ್ನ ಮಡಿಲಲ್ಲೇ ತಂದೆ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಇರುವ ರಸ್ತೆ ಉಬ್ಬಿನಲ್ಲಿ ಆಟೋ ಎಗರಿ, ಮೂರ್ತಿಯ ಹಣೆ ಮುಂದಿನ ಕಂಬಿಗೆ ತಗುಲಿತು. ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿತ್ತು. ಯಾರಿಗೂ ಕಾಣಲಿಕ್ಕಿಲ್ಲ ಎಂದುಕೊಂಡು ನಾನು ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಮೂರ್ತಿಯ ಮೇಲಿನ ಬಟ್ಟೆ ಸರಿಸಿದರೆ, ಹಣೆಯ ನಡುವೆ ದುಂಡಗೆ ಅರಿಶಿನ.

"ಯವ್ವಾ! ಏನು ಮಾಡಿಟ್ಟಿದಿ ಇದು? ಪೂಜಿ ಮಾಡಿದಿ ಹೌದಿಲ್ಲ?"

"ಪೂಜಿ ಅಲ್ಲೋ, ಇಲ್ಲಿ ಕೇಳು…"

"ಏನು ಕೇಳ್ಲಿ? ಊರೂರು ತಿರುಗಿ ಬ್ಯಾಡ ಅಂತ ಹೇಳಾವ ನಾನು. ನಮ್ಮನ್ಯಾಗ ಹಿಂಗಾತು ಅಂದ್ರ ಜನ ಏನಂದಾರು?" ಆಮೇಲೆ ನನ್ನ ಕಡೆ ತಿರುಗಿ, "ನೀ ಓದಿದಾಕಿ, ಏನಾರ ಮಾಡಿ ಅಳಿಸವ್ವ" ಎಂದು ಕಚೇರಿಗೆ ಹೊರಟರು.

ಓದಿದವಳು ಏನು ಮಾಡಿದಳು ಕೇಳಿ. ಬಟ್ಟೆ ಸೋಪನ್ನು ಒದ್ದೆ ಅರಿವೆಗೆ ಹಚ್ಚಿಕೊಂಡು ಉಜ್ಜಿದಳು. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ ಎಂಬುದು ಹೈಸ್ಕೂಲಿನ ಪ್ರಯೋಗ. ಕುಂಕುಮ ಮಾಡುವುದೂ ಹಾಗೆಯೇ, ಅರಿಶಿನಕ್ಕೆ ಸುಣ್ಣ ಸೇರಿಸಿ. ಪರೀಕ್ಷೆಯಲ್ಲಿ ಎರಡು ಸಲ ಬರೆದು ಪೂರ್ತಿ ಅಂಕ ಪಡೆದಿದ್ದ ನನಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಹಳದಿ ಕಣ್ಣೆದುರೇ ಕೆಂಪಾಯಿತು, ಉಜ್ಜಿದಷ್ಟೂ ಅಗಲವಾಯಿತು, ಪ್ಲಾಸ್ಟರು ಹೀರಿಕೊಂಡಿತು.

ಮಧ್ಯಾಹ್ನ ಬಂದ ಅಪ್ಪ ಅದನ್ನು ಕಂಡು ಅಜ್ಜಿಯ ಮುಂದೆ ನಿಂತರು. "ಅರಿಷಿಣ ಸಾಲ್ಲಿಲ್ಲ ಅಂತ ಕುಂಕುಮನೂ ಹಚ್ಚಿದಿಯಾ?"

ಅಜ್ಜಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಈಗ ಹೇಳುತ್ತೇನೆ, ಇನ್ನೊಂದು ಗಳಿಗೆಯಲ್ಲಿ ಹೇಳುತ್ತೇನೆ ಎಂದು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ನನ್ನ ತೊಂದರೆಯೇ ಇದು, ವಾಕ್ಯ ಸರಿಯಾಗುವವರೆಗೆ ಬಾಯಿ ತೆರೆಯುವುದಿಲ್ಲ. ಅಷ್ಟರಲ್ಲಿ ಅಜ್ಜಿ ಅಂದಳು: "ಹೂಂ. ಆಗೇತಿ. ಏನೀಗ?"

"ಹಂಗಾರ ನಾಳಿ ದೀಕ್ಷೆ ಬ್ಯಾಡ. ಮುಂದಿನ ವರ್ಷ ನೋಡೋಣು."

ಮಾರನೆಯ ದಿನ ಕೊಟ್ಟೂರಿನಲ್ಲಿ ಅಜ್ಜಿ ಎಂದಿನಂತೆ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು. ಕೆಂಪು ಹಣೆ ಎಲ್ಲರಿಗೂ ಕಂಡಿತು. ಯಾರದು ಕೆಲಸ ಎಂದು ಕೇಳಿದವರಿಗೆ ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿದಳು. ಜನ ನಕ್ಕರು. ಬಳಗದವರು ಮೂರ್ತಿಗೆ ಬಿಳಿ ಬಣ್ಣ ಬಳಿಸಿದರು. ಆದರೆ ಅಜ್ಜಿಗೆ ಐದೂರಿನಲ್ಲೂ 'ಅರಿಷಿಣದಜ್ಜಿ' ಎಂಬ ಹೆಸರು ನಿಂತುಹೋಯಿತು. ದೀಕ್ಷೆಯ ಮಾತು ಮತ್ತೆ ಬರಲೇ ಇಲ್ಲ. ಪ್ರತಿ ವರ್ಷ ಸಭೆಗೆ ಹೊರಡುವಾಗ ಅಪ್ಪ ಕೇಳುವುದು ಇಷ್ಟೇ: "ಏನವ್ವ, ಈ ವರ್ಷನಾರ ಅರಿಷಿಣ ಖಾಲಿ ಆತೇನು?" ಅಜ್ಜಿ, "ಇನ್ನಾ ಡಬ್ಬಿ ತುಂಬ ಐತಿ" ಎಂದು ನಗುತ್ತಾಳೆ. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗುತ್ತೇನೆ.

ಹೋದ ಭಾನುವಾರ ಕೊಟ್ಟೂರಿನಿಂದ ಮರಳುವಾಗ ಬಸ್ಸಿನಲ್ಲಿ ಅಜ್ಜಿ ನನ್ನ ಪಕ್ಕ ಕೂತಿದ್ದಳು. ಎರಡು ಸೀಟು ಮುಂದೆ ಅಪ್ಪ. ನಾಲ್ಕು ವರ್ಷ ಅಷ್ಟೆಲ್ಲ ಗಮನಿಸಿದ ನಾನು ಒಂದನ್ನು ಮಾತ್ರ ಕೇಳಿರಲಿಲ್ಲ ಎಂಬುದು ಯಾಕೋ ಆಗ ತಟ್ಟಿತು.

"ಅಜ್ಜಿ, ಅವತ್ತು ಅರಿಷಿಣ ಯಾಕ ಹಚ್ಚಿದ್ದಿ?"

"ಹಣೀಗೆ ಪೆಟ್ಟು ಬಿದ್ದಿತ್ತಲ್ಲ. ಪೆಟ್ಟಿಗೆ ಅರಿಷಿಣ ಹಚ್ಚದ ಇನ್ನೇನು ಹಚ್ಚಲಿ?"

ಮುಂದೆ ಕೂತ ಅಪ್ಪನ ಬೆನ್ನು ನೋಡಿ ದನಿ ತಗ್ಗಿಸಿದೆ. "ಆಮ್ಯಾಲೆ ಅದು ಕೆಂಪಾತಲ್ಲ, ಅದು…"

"ಸೋಪಿನ ಕೆಂಪು. ಬಾಣಂತ್ಯಾರ ಬಟ್ಟಿ ಎಷ್ಟು ಒಗದೀನಿ, ಅರಿಷಿಣಕ್ಕ ಸೋಪು ಹಾಕಿದ್ರ ಏನಾಗ್ತತಿ ಅಂತ ನಂಗ ಗೊತ್ತಿಲ್ಲೇನು? ಕಾಲೇಜಿನಾಗ ಇದನ್ನ ಹೇಳಿಕೊಡಂಗಿಲ್ಲ ಕಾಣ್ತತಿ."

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

"ನೀ ಹೇಳ್ತಿ ಅಂತ ಇದ್ದೆ" ಎಂದಳು ಅಜ್ಜಿ. ಸಿಟ್ಟು ಇರಲಿಲ್ಲ. ಕಿಟಕಿಯಾಚೆ ಯಾರದೋ ಹೊಲದ ಮೆಕ್ಕೆಜೋಳ ನೋಡುತ್ತ, ಮಳೆ ಚಲೋ ಆಗೇತಿ ಈ ಕಡೆ, ಎಂದು ಬೇರೆ ಮಾತಿಗೆ ಹೋದಳು.

ಸೋಮವಾರ ಬೆಳಿಗ್ಗೆ ಎದ್ದವಳೇ ಬಳಗದ ವಾಟ್ಸಾಪ್ ಗುಂಪು ತೆರೆದೆ. ಸೇರಿದ ದಿನದಿಂದ ಅಲ್ಲಿ ನಾನು ಒಂದು ಅಕ್ಷರ ಬರೆದವಳಲ್ಲ. ಬರೆದೆ: "ನಾಲ್ಕು ವರ್ಷದ ಹಿಂದೆ ಮೂರ್ತಿಯ ಹಣೆಗೆ ಪೆಟ್ಟು ಬಿದ್ದದ್ದು ನನ್ನ ಕೈಯಲ್ಲಿದ್ದಾಗ. ಅಜ್ಜಿ ಅರಿಶಿನ ಹಚ್ಚಿದ್ದು ಆ ಪೆಟ್ಟಿಗೆ, ಪೂಜೆಗಲ್ಲ. ಸೋಪು ಉಜ್ಜಿ ಅದನ್ನು ಕೆಂಪು ಮಾಡಿದವಳು ನಾನು. ಅವತ್ತೇ ಹೇಳಬೇಕಿತ್ತು." ತಿದ್ದಲು ಕೂರಲಿಲ್ಲ, ಕಳಿಸಿದೆ.

ಗುಂಪಿಗೆ ಬಂದದ್ದನ್ನು ಚಹಾ ಕುಡಿಯುತ್ತ ಗಟ್ಟಿಯಾಗಿ ಓದುವುದು ಅಪ್ಪನ ರೂಢಿ. ಪಡಸಾಲೆಯಲ್ಲಿ ಓದತೊಡಗಿದವರು ಎರಡನೆಯ ವಾಕ್ಯಕ್ಕೆ ದನಿ ತಗ್ಗಿಸಿದರು. ಕೊನೆಯದನ್ನು ಓದಿದ್ದು ನನಗೆ ಕೇಳಿಸಲಿಲ್ಲ. ಆಮೇಲೆ, "ಯವ್ವ, ಹಗರಿಬೊಮ್ಮನಹಳ್ಳಿ ಸಭಾಕ್ಕ ಬರ್ತಿಯೇನು?" ಎಂದರು.

"ನಾಲ್ಕು ವರ್ಷ ಅರಿಷಿಣ ಅರಿಷಿಣ ಅಂತ ಚಾಷ್ಟಿಗೆ ಕೇಳಿದಿ" ಎಂದಳು ಅಜ್ಜಿ. "ಈಗ ನೆಟ್ಟಗ ಕೇಳು."

ಅಪ್ಪ ಲೋಟ ಕೆಳಗಿಟ್ಟ ಸದ್ದಾಯಿತು. ಮುಂದಿನದು ಅವರಿಬ್ಬರ ಮಾತು ಎಂದು ನಾನು ಒಳಕೋಣೆಗೆ ಹೋದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದು, ತನ್ನ ಟ್ರಂಕಿನ ತಳದಿಂದ ಒಂದು ಬಿಳಿ ಸೀರೆ ತೆಗೆದು ನನ್ನ ಕೈಗಿಟ್ಟಳು.

"ಇದಕ್ಕ ಇಸ್ತ್ರಿ ಹಾಕಿಕೊಡು."

"ಐತ್ವಾರಕ್ಕ ಇನ್ನಾ ಆರು ದಿನ ಐತಿ, ಅಜ್ಜಿ."

"ಇರ್ಲಿ. ಹಾಕು."

ಬಿಚ್ಚಿದರೆ, ಅಂಗಡಿಯ ಚೀಟಿ ಇನ್ನೂ ಸೆರಗಿಗೇ ಇತ್ತು. ಮಡಿಕೆಯ ಗೆರೆಗಳು ಹಳದಿಗಟ್ಟಿ ಗಟ್ಟಿಯಾಗಿ ಕೂತಿದ್ದವು. ನಾನು ಚೀಟಿ ಕಿತ್ತು, ನೀರು ಚಿಮುಕಿಸಿ, ಒಂದೊಂದೇ ಗೆರೆಯ ಮೇಲೆ ಇಸ್ತ್ರಿ ಒತ್ತಿದೆ.